ಕತ್ತರಿಯಣ್ಣನ ಮಗಳು ಸಿ ಸೆಕ್ಷನ್ನಿಗೆ ಬಂದ ವರ್ಷ

ಕತ್ತರಿಯಣ್ಣನ ಅಂಗಡಿಗೆ ಹೋಗುವವರು ಎರಡು ವಿಷಯಕ್ಕೆ ತಯಾರಾಗಿಯೇ ಹೋಗಬೇಕು. ಒಂದು, ಅಲ್ಲಿರುವ ಎರಡು ಕುರ್ಚಿಗಳಲ್ಲಿ ಎಡಗಡೆಯದು ಕೂತ ಐದು ನಿಮಿಷಕ್ಕೆ ತಾನಾಗಿ ಕೆಳಗಿಳಿಯತೊಡಗುತ್ತದೆ. ಕಟಿಂಗ್ ಮುಗಿಯುವಷ್ಟರಲ್ಲಿ ಗಿರಾಕಿಯ ಮುಖ ಕನ್ನಡಿಯಿಂದ ಮಾಯವಾಗಿ, ತಲೆಯ ಮೇಲ್ಭಾಗ ಮಾತ್ರ ತೆಂಗಿನಕಾಯಿಯ ಹಾಗೆ ಕಾಣುತ್ತಿರುತ್ತದೆ. ಇನ್ನೊಂದು, ಕತ್ತರಿಯಣ್ಣನ ಬಾಯಿ. ಕತ್ತರಿ ನಿಂತರೂ ಅದು ನಿಲ್ಲುವುದಿಲ್ಲ. ಕೆಳಗಿಳಿಯುವ ಕುರ್ಚಿಯನ್ನಾದರೂ ಹಿಡಿಕೆ ಒತ್ತಿ ಮೇಲೆತ್ತಬಹುದು, ಈ ಬಾಯಿಗೆ ಹಿಡಿಕೆಯೇ ಇಲ್ಲ.

ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ, ಔಷಧಿ ಅಂಗಡಿಗೂ ಬೀಗ ರಿಪೇರಿಯವನ ಗೂಡಿಗೂ ನಡುವೆ ಆ ಅಂಗಡಿ. ಕಸುಬಿಗೆ ಇಳಿದು ಇಪ್ಪತ್ತಾರು ವರ್ಷವಾಗಿತ್ತು. ಎರಡು ಸುಳಿಯ ತಲೆ, ಚಪ್ಪಟೆ ತಲೆ, ಹಿಂದೆ ಗಂಟಿರುವ ತಲೆ, ಬಾಚಣಿಗೆ ಕಂಡರೆ ಬೆವರುವ ತಲೆ, ಎಲ್ಲವೂ ಅವನ ಕೈ ಕೆಳಗೆ ಬಗ್ಗಿ ಹೋದವು. "ಹೊರಗಿಂದ ತಲೆ ನೋಡಿ ಒಳಗೇನಿದೆ ಅಂತ ಹೇಳೋಕಾಗಲ್ಲ ಸ್ವಾಮಿ" ಎಂದು ದಿನಕ್ಕೆ ನಾಲ್ಕು ಸಲವಾದರೂ ಹೇಳುತ್ತಿದ್ದ. ಸ್ವಂತ ಮಗಳ ತಲೆಯ ವಿಷಯ ಬಂದಾಗ ಮಾತ್ರ ಈ ಜ್ಞಾನವೆಲ್ಲ ನೊರೆಯ ಹಾಗೆ ಕರಗಿಹೋಯಿತು.

ಮಗಳನ್ನು ಎಲ್ಲರೂ ಗುಬ್ಬಿ ಎನ್ನುತ್ತಿದ್ದರು. ಹನ್ನೊಂದು ವರ್ಷ, ಆರನೇ ತರಗತಿ. ಒಂದು ಕಡೆ ಕೂರುವುದಿಲ್ಲ, ಸಿಕ್ಕಿದ್ದನ್ನು ಕುಟುಕುತ್ತಾಳೆ, ಕೇಳಿದ್ದಕ್ಕಿಂತ ಒಂದು ಮಾತು ಹೆಚ್ಚೇ ಆಡುತ್ತಾಳೆ. ಆ ವರ್ಷ ಶಾಲೆಯವರು ಹೊಸ ಪದ್ಧತಿ ತಂದರು. ಮಕ್ಕಳಿಗೆಲ್ಲ ಒಂದು ಪರೀಕ್ಷೆ, ಅದರ ಮೇಲೆ ಎ, ಬಿ, ಸಿ ಎಂದು ಮೂರು ಸೆಕ್ಷನ್. ಜಾಣರು ಎ, ನಡುವಿನವರು ಬಿ, ಉಳಿದವರು ಸಿ. ಶಾಲೆಯವರು ಹೀಗೆ ಬಿಡಿಸಿ ಹೇಳಿರಲಿಲ್ಲ, 'ಕಲಿಕೆಯ ವೇಗಕ್ಕೆ ಅನುಗುಣವಾಗಿ' ಎಂದು ಬರೆದಿದ್ದರು. ಆದರೆ ಬೀದಿಗೆ ಅರ್ಥವಾಗುವಷ್ಟು ಕನ್ನಡ ಬೀದಿಗೆ ಬರುತ್ತಿತ್ತು.

ಪಟ್ಟಿ ಅಂಟಿಸಿದ ದಿನ ಕತ್ತರಿಯಣ್ಣ ಹೆಗಲ ಮೇಲಿನ ಟವೆಲ್ ಸಮೇತ ಶಾಲೆಗೆ ಓಡಿದ. ಎ ಪಟ್ಟಿಯನ್ನು ಮೂರು ಸಲ ಬೆರಳಿಟ್ಟು ನೋಡಿದ. ಅಕ್ಷರ ಕೂಡಿಸಿ ಓದುವುದು ಅವನಿಗೆ ತಡವೇ, ಹಾಗಾಗಿ ಕಣ್ತಪ್ಪಿರಬಹುದು ಎಂದು ನಾಲ್ಕನೇ ಸಲವೂ ನೋಡಿದ. ಬಿ ಪಟ್ಟಿಯಲ್ಲೂ ಇರಲಿಲ್ಲ. ಪಕ್ಕದಲ್ಲಿ ಯಾರೋ ನಿಂತಿದ್ದರೆಂದು, ನೀರಿನ ಟ್ಯಾಂಕ್ ತೊಳೆಯುವ ದಿನಾಂಕದ ಚೀಟಿಯನ್ನು ಬಹಳ ಆಸಕ್ತಿಯಿಂದ ಓದುವವನ ಹಾಗೆ ನಟಿಸಿ, ಅವರು ಹೋದ ಮೇಲೆ ಸಿ ಪಟ್ಟಿಗೆ ಕಣ್ಣು ಹಾಯಿಸಿದ. ಗುಬ್ಬಿ ಅಲ್ಲಿದ್ದಳು. ಮೂವತ್ತನಾಲ್ಕು ಮಕ್ಕಳಲ್ಲಿ ಮೂವತ್ತೊಂದನೆಯವಳು. ಉಳಿದ ಮೂವರು ಪರೀಕ್ಷೆಯ ದಿನ ಶಾಲೆಗೆ ಬಂದೇ ಇರಲಿಲ್ಲ ಎಂದು ಆಮೇಲೆ ಗೊತ್ತಾಯಿತು.

ಮನೆಗೆ ಬರುವ ದಾರಿಯುದ್ದಕ್ಕೂ ಅವನು ಒಂದು ತೀರ್ಮಾನ ಕಟ್ಟಿಕೊಂಡು ಬಂದ. ಏನೇ ಆಗಲಿ, ಮಗುವಿನ ಮನಸ್ಸಿಗೆ ನೋವಾಗಬಾರದು. ಅಡುಗೆಮನೆಗೆ ಹೆಂಡತಿಯನ್ನೂ ತಾಯಿಯನ್ನೂ ಕರೆದು, ಬಾಗಿಲು ಹಾಕಿ, ಯುದ್ಧದ ಸುದ್ದಿ ಹೇಳುವವನ ದನಿಯಲ್ಲಿ ವಿಷಯ ಹೇಳಿದ.

"ಇವತ್ತಿಂದ ಈ ಮನೇಲಿ ಯಾರ ಬಾಯಲ್ಲೂ 'ಸಿ' ಅನ್ನೋ ಅಕ್ಷರ ಬರಕೂಡದು. ಮಗು ಕಿವಿಗೆ ಬಿದ್ರೆ ನೊಂದ್ಕೊಳ್ಳುತ್ತೆ."

ಅವನ ಹೆಂಡತಿಗೆ ಆಸ್ಪತ್ರೆಯ ಲಾಂಡ್ರಿಯಲ್ಲಿ ಕೆಲಸ. ದಿನಕ್ಕೆ ನಾನೂರು ಹಾಸಿಗೆ ಬಟ್ಟೆಗಳನ್ನು ಇಸ್ತ್ರಿ ಯಂತ್ರಕ್ಕೆ ಕೊಡುವವಳಿಗೆ ಸುಕ್ಕುಗಳ ಬಗ್ಗೆ ಹೆಚ್ಚು ಗಾಬರಿ ಇರುವುದಿಲ್ಲ. ಅವಳು ಕೈ ಒರೆಸಿಕೊಳ್ಳುತ್ತ, "ಮಗು ಎಲ್ಲಿದೆ ಅಂತ ನೋಡಿದ್ರಾ?" ಎಂದು ಕೇಳಿದಳು.

ಗುಬ್ಬಿ ಮೇಜಿನ ಕೆಳಗೆ ಕೂತು ಬೂಟಿನ ಲೇಸಿನ ಗಂಟು ಬಿಡಿಸುತ್ತಿದ್ದಳು.

"ನನಗೆ ಗೊತ್ತು ಅಪ್ಪಾ, ನಾನೇ ಮೊದ್ಲು ನೋಡಿದ್ದು" ಎಂದು ತಲೆ ಹೊರಹಾಕಿದಳು. "ಈ ಕಿತ್ತಳೆ ಸಿಪ್ಪೆ ಸುಲಿದು ಕೊಡ್ತೀಯಾ?"

'ಸಿಪ್ಪೆ' ಎಂದದ್ದೇ ತಡ, ಕತ್ತರಿಯಣ್ಣನ ಕಣ್ಣು ತುಂಬಿಬಂತು. ಪಾಪ, ಮಗುವಿನ ಮನಸ್ಸಿನಲ್ಲಿ ಅದೇ ಅಕ್ಷರ ಕೂತುಬಿಟ್ಟಿದೆ!

ಅಲ್ಲಿಂದ ಒಂದು ವಾರ ಅವನು ಆ ಅಕ್ಷರದ ಜೊತೆ ಹೋರಾಡಿದ. ಸಿಹಿ ಅನ್ನುವ ಕಡೆ 'ಸಕ್ಕರೆ ರುಚಿ' ಎಂದ. ಬೀಗದ ಕೈ ಕಳೆದು ಸಿಕ್ಕಿದಾಗ "ದೊರಕಿತು, ದೊರಕಿತು" ಎಂದು ಕೂಗಿದ. ಸಿಟ್ಟು ಬಂದರೆ 'ಕೋಪ' ಎನ್ನಬೇಕೆಂದು ಹುಡುಕುವಷ್ಟರಲ್ಲಿ ಸಿಟ್ಟೇ ಇಳಿದುಹೋಗುತ್ತಿತ್ತು. ಹೆಂಡತಿ, "ಇದೊಂದು ಲಾಭ ಆಯ್ತು ನೋಡಿ" ಎಂದಳು. ಗುಬ್ಬಿ ಬೇಕೆಂದೇ ಸಿನಿಮಾ, ಸಿಂಹ, ಸಿಡಿಲು, ಸಿಂಬಳ ಎಂದು ಸಿಕ್ಕಸಿಕ್ಕ ಮಾತನ್ನು ಊಟದ ನಡುವೆ ತಂದು, ಅಪ್ಪ ಬೆಚ್ಚಿಬೀಳುವುದನ್ನು ಎಣಿಸುತ್ತಿದ್ದಳು.

ಈ ನಡುವೆ ಅಜ್ಜಿ ತನ್ನ ಕೈಲಾದ ಅನಾಹುತ ಮಾಡಿಯಾಗಿತ್ತು. ಅವಳಿಗೆ ಒಂದು ಕಿವಿ ಮಂದ. ಇನ್ನೊಂದು ಕಿವಿ ತನಗೆ ಬೇಕಾದ್ದನ್ನು ಮಾತ್ರ ಒಳಗೆ ಬಿಡುತ್ತಿತ್ತು. "ಸಿ ಅಂದ್ರೆ ಎಷ್ಟನೇದು?" ಎಂದು ಸೊಸೆಯನ್ನು ಕೇಳಿದ್ದಳು. "ಮೂರನೇದು ಅತ್ತೆ" ಎಂದು ಸೊಸೆ ಹೇಳಿದ್ದಳು. ಮಾರನೆಯ ಬೆಳಿಗ್ಗೆ ಅಜ್ಜಿ ಬಾಗಿಲ ಮುಂದೆ ಕುರ್ಚಿ ಹಾಕಿಕೊಂಡು, ಹೋಗಿಬರುವವರಿಗೆಲ್ಲ, "ನಮ್ಮ ಗುಬ್ಬಿ ಇಡೀ ಶಾಲೆಗೆ ಮೂರನೇದಾಗಿ ಬಂದಿದೆ" ಎಂದು ಸಾರಿದಳು.

ಸಂಜೆಯ ಹೊತ್ತಿಗೆ ಬೀದಿಯೇ ಮನೆಗೆ ಬಂತು. ಬೀಗ ರಿಪೇರಿಯವನು ಬಿಸ್ಕತ್ ಪೊಟ್ಟಣ ತಂದ. ಎದುರು ಮನೆಯ ದರ್ಜಿ ಹೆಂಗಸು ಒಂದು ಬ್ಯಾಗ್ ಹೊಲಿದುಕೊಟ್ಟಳು. ಔಷಧಿ ಅಂಗಡಿಯವನು ಬುದ್ಧಿಗೆ ಒಳ್ಳೆಯದೆಂದು ಒಂದು ಟಾನಿಕ್ ಕೊಟ್ಟು, "ಮುಂದಿನ ಸಲ ಮೊದಲನೇ ಸ್ಥಾನ" ಎಂದು ಕೈ ಕುಲುಕಿದ. ಗುಬ್ಬಿ ಎಲ್ಲವನ್ನೂ ಗಂಭೀರವಾಗಿ ಸ್ವೀಕರಿಸಿದಳು. ಅವರೆಲ್ಲ ಹೋದ ಮೇಲೆ ಅಪ್ಪ ತಲೆ ಹಿಡಿದುಕೊಂಡು, "ನಿಜ ಹೇಳಬಾರದಿತ್ತೇನೇ?" ಎಂದರೆ, "ಅಜ್ಜಿ ಸುಳ್ಳು ಹೇಳಿಲ್ವಲ್ಲ. ಎ, ಬಿ, ಸಿ. ಎಣಿಸಿ ನೋಡು, ಮೂರನೇದೇ" ಎಂದು ಬಿಸ್ಕತ್ ಕಡಿದಳು.

ಗುಟ್ಟು ಹೊತ್ತುಕೊಂಡ ಮನುಷ್ಯನ ಹೊಟ್ಟೆ ಉಬ್ಬರಿಸುತ್ತದೆ. ಅದರಲ್ಲೂ ಕತ್ತರಿಯಣ್ಣನಂಥವನ ಹೊಟ್ಟೆ. ಯಾರಿಗಾದರೂ ಹೇಳಲೇಬೇಕು, ಹೇಳಿದರೆ ಹೊರಗೆ ಹೋಗಬಾರದು. ಯೋಚಿಸಿ ಯೋಚಿಸಿ, ನಿವೃತ್ತ ಬಸ್ ಡ್ರೈವರನ್ನು ಆರಿಸಿಕೊಂಡ. ಅವರ ತಲೆಯಲ್ಲಿ ಕೂದಲು ಹೆಸರಿಗಷ್ಟೆ, ಆದರೂ ವಾರಕ್ಕೊಮ್ಮೆ ಬಂದು ಕೂರುತ್ತಿದ್ದರು. ಅವರ ಕಿವಿಯ ಹತ್ತಿರ ಬಗ್ಗಿ, "ಅಣ್ಣಾ, ಯಾರಿಗೂ ಹೇಳಬೇಡಿ. ನಮ್ಮನೇಲಿ ಸಿ ಸೆಕ್ಷನ್ ಆಯ್ತು" ಎಂದ.

ಡ್ರೈವರು ಕುರ್ಚಿಯಲ್ಲೇ ತಿರುಗಿದರು. "ಅಯ್ಯೋ, ಹೇಳಲೇ ಇಲ್ವಲ್ಲ ಮಾರಾಯ! ತಾಯಿ ಹುಷಾರಾಗಿದ್ದಾಳಾ?"

"ಅವಳಿಗೇನು, ಆರಾಮಾಗಿದ್ದಾಳೆ. ಕೆಲಸಕ್ಕೂ ಹೋಗಿದ್ದಾಳೆ."

"ಇಷ್ಟು ಬೇಗಾನಾ! ಹೊಲಿಗೆ ಬಿಚ್ಚಿದ್ರಾ? ಮಗು ಗಂಡೋ ಹೆಣ್ಣೋ?"

"ಹೆಣ್ಣು. ನೀವೇ ನೋಡಿದ್ದೀರಲ್ಲ. ಹನ್ನೊಂದು ವರ್ಷ."

ಡ್ರೈವರು ಬಹಳ ಹೊತ್ತು ಕನ್ನಡಿಯಲ್ಲಿ ಅವನ ಮುಖವನ್ನೇ ನೋಡಿದರು.

ಅಲ್ಲಿಂದ ಕತ್ತರಿಯಣ್ಣ ಇನ್ನೊಂದು ದಾರಿ ಹಿಡಿದ. ದೊಡ್ಡ ಮನುಷ್ಯರಾದವರಲ್ಲೂ ಸಿ ಸೆಕ್ಷನ್‌ನಿಂದ ಬಂದವರು ಇದ್ದೇ ಇರುತ್ತಾರೆ. ಅಂಥ ಒಬ್ಬರನ್ನು ಹುಡುಕಿ ಮಗಳಿಗೆ ತೋರಿಸಿದರೆ ಧೈರ್ಯ ಬರುತ್ತದೆ. ಹಾಗೆಂದು ಕುರ್ಚಿಯಲ್ಲಿ ಕೂತವರನ್ನೆಲ್ಲ ವಿಚಾರಿಸತೊಡಗಿದ. "ನೀವು ಚಿಕ್ಕವರಿದ್ದಾಗ ಓದಿನಲ್ಲಿ ಹೇಗೆ ಸ್ವಾಮಿ?" ಬ್ಯಾಂಕಿನ ಸಾಹೇಬರು ಯಾವಾಗಲೂ ಮೊದಲಿಗರಂತೆ. ಔಷಧಿ ಅಂಗಡಿಯವನು ಮೊದಲಿಗನಂತೆ. ಬೀಗ ರಿಪೇರಿಯವನೂ ಮೊದಲಿಗನೇ, ಶಾಲೆ ಬಿಟ್ಟದ್ದು ಮೇಷ್ಟ್ರಿಗೆ ಹೊಟ್ಟೆಕಿಚ್ಚು ಬಂದದ್ದಕ್ಕಂತೆ. ಹದಿನೈದು ದಿನ ಕೇಳಿ ನೋಡಿದರೂ ಊರಿನಲ್ಲಿ ಹಿಂದಿನ ಬೆಂಚಿನಲ್ಲಿ ಕೂತವನು ಒಬ್ಬನೂ ಸಿಕ್ಕಲಿಲ್ಲ. ಹಾಗಾದರೆ ಅಷ್ಟೂ ಬೆಂಚುಗಳ ಮೇಲೆ ಕೂತಿದ್ದವರು ಎಲ್ಲಿ ಹೋದರು ಎಂದು ಅವನಿಗೆ ದಿಗಿಲಾಯಿತು.

ಹೀಗಿರುವಾಗ ಒಂದು ಭಾನುವಾರ ಲೆಕ್ಕದ ಮೇಷ್ಟ್ರು ಗಡ್ಡ ತೆಗೆಸಲು ಬಂದರು. ಪರೀಕ್ಷೆಯ ಪ್ರಶ್ನೆ ಬರೆದವರು ಅವರೇ. ಕತ್ತರಿಯಣ್ಣ ಬಿಳಿ ಬಟ್ಟೆ ಹೊದಿಸಿ, ಕತ್ತಿನ ಹಿಂದೆ ಗಂಟು ಬಿಗಿದು, ಎರಡೂ ಕೆನ್ನೆಗೆ ನೊರೆ ಮೆತ್ತಿ, ಕತ್ತಿಯನ್ನು ತೊಗಲ ಪಟ್ಟಿಯ ಮೇಲೆ ಆಚೆ ಈಚೆ ಮಸೆದ. ಎಂದಿಗಿಂತ ಹೆಚ್ಚು ಹೊತ್ತು ಮಸೆದ.

"ಮೇಷ್ಟ್ರೇ, ಸಿ ಸೆಕ್ಷನ್ ಪಟ್ಟಿ ಮಾಡಿದ್ದು ನೀವೇನಾ?"

"ಮ್."

"ಒಂದೇ ಒಂದು ಪರೀಕ್ಷೆ ಇಟ್ಟು ಮಗು ತಲೆ ಅಳೆಯೋದು ಸರೀನಾ? ನಾನು ಇಪ್ಪತ್ತಾರು ವರ್ಷದಿಂದ ತಲೆ ಹಿಡ್ಕೊಂಡೇ ಇದ್ದೀನಿ. ನನಗೇ ಇನ್ನೂ ಗೊತ್ತಾಗಿಲ್ಲ."

ಕತ್ತಿ ಗಂಟಲಿನ ಉಬ್ಬಿನ ಮೇಲೆ ಬಂದು ನಿಂತಿತ್ತು. ಕತ್ತರಿಯಣ್ಣನ ಮನಸ್ಸಿನಲ್ಲಿ ಯಾವ ಕೆಟ್ಟ ಯೋಚನೆಯೂ ಇರಲಿಲ್ಲ. ಮಾತಾಡುವಾಗ ಕೈ ನಿಲ್ಲಿಸುವುದು ಅವನ ಅಭ್ಯಾಸ, ಅಷ್ಟೆ. ಆದರೆ ಅದು ಮೇಷ್ಟ್ರಿಗೆ ಗೊತ್ತಿರಲಿಲ್ಲ. ಎಡಗಡೆಯ ಕುರ್ಚಿ ಬೇರೆ ಮೆಲ್ಲಗೆ ಇಳಿಯುತ್ತಿತ್ತು. ಅವರು ತುಟಿ ಅಲ್ಲಾಡಿಸದೆ, ಹಲ್ಲಿನ ನಡುವಿನಿಂದಲೇ ಮಾತು ಹೊರಡಿಸಿದರು.

"ನಾಳೆ ಶಾಲೆಗೆ ಅನ್ನಿ. ಅಶ್ನೆ ಅತ್ರಿಕೆ ತೋರಿಸ್ತೀನಿ."

"ಏನಂದ್ರಿ?"

"ಅಶ್ನೆ ಅತ್ರಿಕೆ! ಅಶ್ನೆ ಅತ್ರಿಕೆ!"

ಸೋಮವಾರ ಕತ್ತರಿಯಣ್ಣ ಶಾಲೆಗೆ ಹೋದ. ಲೆಕ್ಕದ ಮೇಷ್ಟ್ರು ಅವನನ್ನು ಸಿ ಸೆಕ್ಷನ್ನಿನ ಟೀಚರ ಕೈಗೆ ಒಪ್ಪಿಸಿ, ಗಲ್ಲ ಸವರಿಕೊಳ್ಳುತ್ತ ಮಾಯವಾದರು. ಟೀಚರು ನಡುವಯಸ್ಸಿನ ದಪ್ಪನೆಯ ಹೆಂಗಸು. ತೋಳಿನ ತನಕ ಸೀಮೆಸುಣ್ಣದ ಪುಡಿ, ಅವಸರವಿಲ್ಲದ ದನಿ. ಮಕ್ಕಳು ಆಟಕ್ಕೆ ಹೋಗಿದ್ದರು. "ಪೇಪರ್ ನೋಡಬೇಕಂತೆ. ನೋಡೋದಕ್ಕಿಂತ ಬರೆದುಬಿಡಿ, ಚೆನ್ನಾಗಿ ಗೊತ್ತಾಗುತ್ತೆ" ಎಂದು ಪೆನ್ಸಿಲ್ ಕೊಟ್ಟು, ಮುಂದಿನ ಬೆಂಚು ತೋರಿಸಿದರು.

ಬೆಂಚಿಗೂ ಡೆಸ್ಕಿಗೂ ನಡುವೆ ಹೊಟ್ಟೆ ತೂರಿಸಿ ಕೂತ ಕತ್ತರಿಯಣ್ಣ, ಮೊದಲನೇ ಪ್ರಶ್ನೆಯ ಮೇಲೆ ಬೆರಳಿಟ್ಟು ನಿಧಾನಕ್ಕೆ ಓದಿದ. ಒಂದು ನಲ್ಲಿ ತೊಟ್ಟಿಯನ್ನು ಆರು ಗಂಟೆಯಲ್ಲಿ ತುಂಬಿಸುತ್ತದೆ, ಇನ್ನೊಂದು ಎಂಟು ಗಂಟೆಯಲ್ಲಿ ಖಾಲಿ ಮಾಡುತ್ತದೆ.

"ಖಾಲಿ ಮಾಡೋ ನಲ್ಲೀನ ಯಾಕೆ ತೆರೆದಿಟ್ರು ಟೀಚರ್? ಮೊದಲು ಅದನ್ನ ಮುಚ್ಚಬೇಕಲ್ವಾ?"

"ಹಾಗೇ ಬರೀರಿ."

ಒಬ್ಬ ಮನುಷ್ಯ ಒಂದು ಕೆಲಸವನ್ನು ಹನ್ನೆರಡು ದಿನದಲ್ಲಿ ಮಾಡಿದರೆ ಮೂವರು ಸೇರಿ ಎಷ್ಟು ದಿನದಲ್ಲಿ ಮಾಡುತ್ತಾರೆ ಎಂಬುದಕ್ಕೆ, 'ಮೂವರು ಸೇರಿದರೆ ಕೆಲಸ ಆಗಲ್ಲ, ಮಾತು ಆಗುತ್ತೆ' ಎಂದು ಅನುಭವದಿಂದ ಬರೆದ. ಮುಕ್ಕಾಲು ದೊಡ್ಡದೋ ಮೂರರಲ್ಲಿ ಎರಡು ಪಾಲು ದೊಡ್ಡದೋ ಎಂಬುದಕ್ಕೆ, ಯಾರ ಪಾಲು ಎಂದು ತಿಳಿಯದೆ ಹೇಳುವುದು ನ್ಯಾಯವಲ್ಲವೆಂದು ಖಾಲಿ ಬಿಟ್ಟ. ಎರಡನೇ ಪುಟದಲ್ಲಿ ಒಂದು ಉದ್ದನೆಯ ಪಾಠ ಕೊಟ್ಟು, ಓದಿ ಉತ್ತರಿಸಿ ಎಂದಿತ್ತು. ನಾಲ್ಕನೇ ಸಾಲಿಗೆ ಬರುವಷ್ಟರಲ್ಲಿ ಮೊದಲನೇ ಸಾಲು ಮರೆತುಹೋಗಿತ್ತು. ಗಂಟೆ ಹೊಡೆಯಿತು.

ಟೀಚರು ಕೆಂಪು ಪೆನ್ನು ಹಿಡಿದು ತಿದ್ದಿದರು. ಐವತ್ತಕ್ಕೆ ಒಂಬತ್ತು.

"ನಮ್ಮ ಗುಬ್ಬಿಗೆ ಎಷ್ಟು?"

"ಹದಿನಾಲ್ಕು."

ಕತ್ತರಿಯಣ್ಣ ಡೆಸ್ಕಿಗೆ ಒಂದು ಗುದ್ದು ಕೊಟ್ಟ. "ನೋಡಿದ್ರಾ! ನನಗಿಂತ ಐದು ಜಾಸ್ತಿ!"

ಟೀಚರಿಗೆ ನಗು ತಡೆಯಲಾಗಲಿಲ್ಲ. ನಕ್ಕು ಮುಗಿಸಿ, ಗುಬ್ಬಿಯ ಉತ್ತರ ಪತ್ರಿಕೆ ತೆಗೆದು ಮುಂದಿಟ್ಟರು. ಎರಡನೇ ಪುಟ ಪೂರ್ತಿ ಖಾಲಿ, ಅವನದರ ಹಾಗೆಯೇ.

"ನಿಮ್ಮ ಮಗಳಿಗೆ ಬುದ್ಧಿ ಕಮ್ಮಿ ಇಲ್ಲ. ನಾನೇ ಪ್ರಶ್ನೆ ಓದಿ ಹೇಳಿದ್ರೆ ಎಂಟಕ್ಕೆ ಆರು ಸರಿ ಮಾಡ್ತಾಳೆ. ಓದೋದು ನಿಧಾನ. ಸಾಲಿನ ಕೊನೆಗೆ ಹೋಗೋಷ್ಟರಲ್ಲಿ ಗಂಟೆ ಹೊಡೆದಿರುತ್ತೆ. ದಿನಾ ಹತ್ತು ನಿಮಿಷ ಜೋರಾಗಿ ಓದಿಸಿ. ತಪ್ಪಿದ್ರೆ ಬೈಬೇಡಿ, ನಡುವೆ ಬಾಯಿ ಹಾಕಬೇಡಿ. ಎದ್ದುಹೋಗದೆ ಕೂತು ಕೇಳೋರು ಯಾರಾದ್ರೂ ಇದ್ರೆ ಸಾಕು."

ಕತ್ತರಿಯಣ್ಣ ಸುಮ್ಮನಾದ. ಅವನು ಸುಮ್ಮನಾಗುವುದು ವರ್ಷಕ್ಕೊಮ್ಮೆ. ಏಳನೇ ತರಗತಿಯಲ್ಲಿ ಎದ್ದುನಿಂತು ಪಾಠ ಓದಲು ಹೇಳಿದಾಗ ಇಡೀ ಕ್ಲಾಸು ನಕ್ಕದ್ದು, ಮಾರನೆಯ ದಿನದಿಂದ ತಾನು ಮಾವನ ಕಟಿಂಗ್ ಅಂಗಡಿಯಲ್ಲಿ ಕೂದಲು ಗುಡಿಸಲು ನಿಂತದ್ದು ನೆನಪಾಯಿತು. ಅಂಗಡಿಗೆ ದಿನಾ ಪತ್ರಿಕೆ ತರಿಸುತ್ತಿದ್ದ, ಆದರೆ ಅದರಲ್ಲಿ ಚಿತ್ರ ನೋಡುವುದಷ್ಟೇ ಅವನ ಪಾಲು. ಬಂದವರನ್ನು "ಏನಂತೆ ಇವತ್ತಿನ ಸುದ್ದಿ?" ಎಂದು ಕೇಳಿಯೇ ಇಪ್ಪತ್ತಾರು ವರ್ಷ ಜಗತ್ತಿನ ವಿದ್ಯಮಾನ ತಿಳಿದುಕೊಂಡಿದ್ದ. ಇದನ್ನು ಹೆಂಡತಿಗೂ ಹೇಳಿರಲಿಲ್ಲ. ಟೀಚರಿಗೂ ಹೇಳಲಿಲ್ಲ. ಬೆಂಚಿನಿಂದ ಹೊಟ್ಟೆ ಬಿಡಿಸಿಕೊಂಡು ಎದ್ದು, "ಎದ್ದುಹೋಗದೆ ಕೇಳೋರು ತಾನೇ ಟೀಚರ್? ಅಂಥವರು ನನ್ನ ಹತ್ರ ಬೇಕಾದಷ್ಟು ಜನ ಇದ್ದಾರೆ" ಎಂದ.

ಮಾರನೆಯ ದಿನದಿಂದ ಶಾಲೆ ಬಿಟ್ಟ ಮೇಲೆ ಗುಬ್ಬಿ ನೇರವಾಗಿ ಅಂಗಡಿಗೆ ಬರತೊಡಗಿದಳು. ಬಲಗಡೆಯ ಕುರ್ಚಿ ಅವಳದು, ಎಡಗಡೆಯದು ಗಿರಾಕಿಯದು. ಕತ್ತಿನ ಹಿಂದೆ ಬಟ್ಟೆಯ ಗಂಟು ಬಿದ್ದ ಮೇಲೆ, ಅರ್ಧ ತಲೆ ಕತ್ತರಿಸಿದ ಮೇಲೆ, ಯಾವ ಮಾನವಂತನೂ ಎದ್ದು ಬೀದಿಗೆ ಹೋಗಲಾರ. ಗುಬ್ಬಿ ಪತ್ರಿಕೆ ಬಿಡಿಸಿ, ಸಾಲಿನ ಕೆಳಗೆ ಬಾಚಣಿಗೆ ಇಟ್ಟುಕೊಂಡು ಓದುತ್ತಿದ್ದಳು.

"ನಾ-ಳೆ ನಗ-ರದಲ್ಲಿ ವಿ... ವಿದ್ಯುತ್ ಕಡಿತ." ಅಲ್ಲೇ ನಿಲ್ಲಿಸಿ, "ಅಪ್ಪಾ, ವಿದ್ಯುತ್ ಯಾರಿಗೆ ಕಡಿಯುತ್ತೆ?"

ಕುರ್ಚಿಯಲ್ಲಿದ್ದವನು ಕಂಬ ಹತ್ತುವ ಲೈನ್‌ಮನ್. "ನನಗೇ ಎರಡು ಸಲ ಕಡಿದಿದೆ ಮಗಾ" ಎಂದ ದುಃಖದಿಂದ.

ಕೆರೆಯ ಹೂಳೆತ್ತುವ ಕಾಮಗಾರಿ ಅವಳ ಬಾಯಲ್ಲಿ 'ಕೆರೆಯ ಹುಳ ಎತ್ತುವ ಕಾಮಗಾರಿ' ಆಯಿತು. ಬ್ಯಾಂಕಿನ ಸಾಹೇಬರು, "ಹುಳ ಅಲ್ಲಮ್ಮ, ಹೂ..." ಎಂದು ಬಾಯಿ ತೆರೆಯುವಷ್ಟರಲ್ಲಿ ಕತ್ತರಿಯಣ್ಣ ಎರಡು ಬೆರಳಿನಿಂದ ಅವರ ತಲೆಯನ್ನು ಕನ್ನಡಿಯ ಕಡೆ ತಿರುಗಿಸಿದ. "ಅಲ್ಲಾಡಬೇಡಿ ಸ್ವಾಮಿ. ಕಿವಿ ಹತ್ರ ಇದ್ದೀನಿ." ಎರಡು ಸಾಲು ಮುಂದೆ ಹೋಗಿ, ಗುಬ್ಬಿಯೇ ಹಿಂದಕ್ಕೆ ಬಂದು, "ಹುಳ ಎತ್ತೋಕೆ ಅಷ್ಟೊಂದು ಲಾರಿ ಯಾಕೆ?" ಎಂದು ಯೋಚಿಸಿ, ಮತ್ತೊಮ್ಮೆ ಬಾಚಣಿಗೆ ಇಟ್ಟು ಓದಿ, "ಓ, ಹೂಳು!" ಎಂದಳು. ಸಾಹೇಬರು ಕನ್ನಡಿಯಲ್ಲಿ ಉಸಿರು ಬಿಟ್ಟರು.

ಒಂದು ತೊಂದರೆ ಮಾತ್ರ ಯಾರೂ ಮುಂಚೆ ಎಣಿಸಿರಲಿಲ್ಲ. ಮಗಳ ಓದು ಮುಗಿಯುವ ತನಕ ಗಿರಾಕಿ ಏಳಬಾರದಲ್ಲ, ಹಾಗಾಗಿ ಓದು ನಡೆದಷ್ಟು ಹೊತ್ತು ಕತ್ತರಿಯೂ ನಡೆಯುತ್ತಿತ್ತು. ಹವಾಮಾನದ ಸುದ್ದಿಗೆ ಬಂದವನಿಗೆ ಸಾಧಾರಣ ಕಟಿಂಗ್. ಸೇತುವೆ ಉದ್ಘಾಟನೆಯ ದಿನ ಬಂದ ಔಷಧಿ ಅಂಗಡಿಯವನು, ಮೂರು ಕಾಲಮ್ಮಿನ ಭಾಷಣ ಮುಗಿಯುವಷ್ಟರಲ್ಲಿ ಹೊಸದಾಗಿ ಸೈನ್ಯಕ್ಕೆ ಸೇರಿದವನ ಹಾಗೆ ಎದ್ದ. ಅವನ ಹೆಂಡತಿ ಗುರುತು ಹಿಡಿಯಲು ಸ್ವಲ್ಪ ಹೊತ್ತು ತೆಗೆದುಕೊಂಡಳಂತೆ. ಆಮೇಲೆ ಬೀದಿಯವರು ಚಾಲಾಕಿಗಳಾದರು. ಬಾಗಿಲಲ್ಲೇ ನಿಂತು, "ಇವತ್ತು ಏನು ಸುದ್ದಿ? ಉದ್ದನೇದಾದ್ರೆ ನಾಳೆ ಬರ್ತೀನಿ" ಎನ್ನುತ್ತಿದ್ದರು. ಬೀಗ ರಿಪೇರಿಯವನು, "ಕತ್ತರಿಯಣ್ಣ, ನನಗೆ ಬರೀ ತಲೆಬರಹ ಸಾಕು" ಎಂದು ಮೊದಲೇ ಒಪ್ಪಂದ ಮಾಡಿಕೊಂಡೇ ಕೂರುತ್ತಿದ್ದ.

ಆದರೆ ಆ ತಿಂಗಳು ಪತ್ರಿಕೆಯಲ್ಲಿ ಒಂದು ಕೋರ್ಟು ಕೇಸಿನ ವರದಿ ಶುರುವಾಯಿತು. ಅಕ್ಕಪಕ್ಕದ ಇಬ್ಬರು ಅಣ್ಣತಮ್ಮಂದಿರು, ನಡುವಿನ ಗೋಡೆಯ ಮೇಲೆ ಕೂರುವ ಒಂದು ಬೆಕ್ಕು ಯಾರದೆಂದು ಕೋರ್ಟು ಹತ್ತಿದ್ದರು. ಗುಬ್ಬಿ ಅದನ್ನು ದಿನಕ್ಕೊಂದು ಕಂತು ಓದಿದಳು. ವಕೀಲನ ದನಿ ಬೇರೆ, ಅಣ್ಣನ ದನಿ ಬೇರೆ, ತಮ್ಮನ ದನಿ ಬೇರೆ. ಬೆಕ್ಕನ್ನು ಸಾಕ್ಷಿಗೆ ಕರೆತಂದ ದಿನ ಅಂಗಡಿಯಲ್ಲಿ ನಿಲ್ಲಲು ಜಾಗವಿರಲಿಲ್ಲ. ನಿನ್ನೆ ತಾನೆ ಕೂದಲು ತೆಗೆಸಿದವರೂ ಬಂದು ಬೆಂಚಿನ ಮೇಲೆ ಕೂತರು. ಡ್ರೈವರು ವಾರಕ್ಕೊಮ್ಮೆ ಬರುತ್ತಿದ್ದವರು ದಿನಾ ಬಂದರು. ಕಷ್ಟದ ಮಾತು ಬಂದಾಗ ಗುಬ್ಬಿ ತಡವರಿಸಿದರೆ ಯಾರೂ ಬಾಯಿ ಹಾಕುತ್ತಿರಲಿಲ್ಲ. 'ಪ್ರ-ತಿ-ವಾ-ದಿ' ಎಂದು ಅವಳು ಒಂದೊಂದೇ ಮೆಟ್ಟಿಲು ಹತ್ತುವಾಗ ಅಂಗಡಿಯೇ ಉಸಿರು ಹಿಡಿದು, ಅವಳು ಮೇಲೆ ತಲುಪಿದ ಕೂಡಲೇ ಉಸಿರು ಬಿಡುತ್ತಿತ್ತು. ಕತ್ತರಿಯಣ್ಣನೂ ಬಾಯಿ ಮುಚ್ಚಿಕೊಂಡು ಕೇಳುತ್ತಿದ್ದ. ಮಗಳ ಹೆಗಲ ಮೇಲಿಂದ ಬಾಗಿ, ಬಾಚಣಿಗೆ ಸರಿದ ಕಡೆಗೆ ತಾನೂ ತುಟಿ ಆಡಿಸುತ್ತಿದ್ದ. ಒಂದು ದಿನ ಗುಬ್ಬಿ ಕೆಮ್ಮು ಬಂದು ನಿಲ್ಲಿಸಿದಾಗ, ಮುಂದಿನ ಸಾಲನ್ನು ಅವನೇ ಓದಿ ಮುಗಿಸಿದ್ದು ಹೆಂಡತಿಯ ಕಿವಿಗೂ ಬಿತ್ತು. ಅವಳು ಕೆಲಸದಿಂದ ಬಂದು ಬಾಗಿಲಲ್ಲಿ ನಿಂತಿದ್ದಳು. ಚೀಲ ಕೆಳಗಿಟ್ಟು, ಬೆಂಚಿನ ತುದಿಯಲ್ಲಿ ಕೂತಳು.

ಬೀದಿಗೆ ನಿಜ ಗೊತ್ತಾದದ್ದು ಗುಬ್ಬಿಯಿಂದಲೇ. ಔಷಧಿ ಅಂಗಡಿಯವನು ಟಾನಿಕ್ ಕೆಲಸ ಮಾಡಿತೇ ಎಂದು ಕೇಳಿದಾಗ, "ಅದನ್ನ ಅಜ್ಜಿ ಕುಡಿದುಬಿಟ್ಟಳು. ನಾನು ಮೂರನೇದು ಅಂದ್ರೆ ಸಿ ಸೆಕ್ಷನ್ ಮಾಮ" ಎಂದಳು. ಕತ್ತರಿಯಣ್ಣ ಕಣ್ಣು ಮುಚ್ಚಿಕೊಂಡ. ಔಷಧಿ ಅಂಗಡಿಯವನು ತನ್ನ ಬೋಳು ಸವರಿಕೊಂಡು, "ನಾನೂ ಎರಡು ಸಲ ಫೇಲಾಗಿದ್ದೆ ಕಣಮ್ಮ" ಎಂದ. ಆ ವಾರದಲ್ಲಿ ಬೆಂಚಿನ ಮೇಲಿದ್ದ ಒಬ್ಬೊಬ್ಬರೂ ತಮ್ಮ ತಮ್ಮ ಸೊನ್ನೆಗಳನ್ನು ಹೊರತೆಗೆದರು. ಯಾರ ಸೊನ್ನೆ ದೊಡ್ಡದು ಎಂದು ಜಗಳವೇ ಆಯಿತು.

ವರ್ಷದ ಕೊನೆಗೆ ಮತ್ತೆ ಪರೀಕ್ಷೆ ನಡೆಯಿತು, ಮತ್ತೆ ಪಟ್ಟಿ ಬಂತು. ಈ ಸಲ ಕತ್ತರಿಯಣ್ಣ ನೇರವಾಗಿ ಸಿ ಪಟ್ಟಿಗೇ ಹೋದ. ಗುಬ್ಬಿ ಇರಲಿಲ್ಲ. ಶಾಲೆಯಿಂದಲೇ ತೆಗೆದುಹಾಕಿದರೇ? ಸುತ್ತ ಹುಡುಕಿದಾಗ ಬಿ ಪಟ್ಟಿಯ ಬುಡದಲ್ಲಿ ಅವಳ ಹೆಸರಿತ್ತು. ಅವನು ಅಲ್ಲೇ ಟವೆಲ್ ಗಾಳಿಗೆ ಎಸೆದ. ಅದು ಪಕ್ಕದಲ್ಲಿದ್ದವರ ತಲೆಯ ಮೇಲೆ ಬಿತ್ತು.

ಮನೆಗೆ ಓಡಿಬಂದು ನೋಡಿದರೆ ಗುಬ್ಬಿ ಮೇಜಿನ ಕೆಳಗೆ ಕೂತು ಬಿಕ್ಕಿಬಿಕ್ಕಿ ಅಳುತ್ತಿದ್ದಳು.

"ನಾನು ಬಿಗೆ ಹೋಗಲ್ಲ. ನಮ್ಮ ಟೀಚರು ಅಲ್ಲಿಲ್ಲ. ನನ್ನ ಪಕ್ಕ ಕೂರೋಳು ಸಿಯಲ್ಲೇ ಇದ್ದಾಳೆ. ಅಲ್ಲಿ ಎಲ್ಲರೂ ಬೇಗ ಬೇಗ ಓದ್ತಾರಂತೆ."

ಮೇಲಕ್ಕೆ ಹೋದ ಮಗುವನ್ನು ಸಮಾಧಾನ ಮಾಡುವುದು ಹೇಗೆಂದು ಕತ್ತರಿಯಣ್ಣ ಯೋಚಿಸಿಯೇ ಇರಲಿಲ್ಲ. ಅಜ್ಜಿ, "ಮೂರನೇದಿದ್ದದ್ದು ಎರಡನೇದಾಗಿದೆ, ಅದಕ್ಕೂ ಅಳ್ತೀಯಾ?" ಎಂದು ಬಾಗಿಲ ಮುಂದೆ ಕುರ್ಚಿ ಹಾಕಲು ಹೊರಟಳು. ಸೊಸೆ ಕುರ್ಚಿ ಹಿಡಿದು ನಿಲ್ಲಿಸಿದಳು. ಕತ್ತರಿಯಣ್ಣ ತಡಮಾಡದೆ ಹೆಡ್‌ಮಿಸ್ ಹತ್ತಿರ ಹೋಗಿ ನಿಂತ.

"ಅಮ್ಮಾ, ನನ್ನ ಮಗಳನ್ನ ವಾಪಸ್ ಸಿಗೆ ಹಾಕಿಕೊಡಿ."

ಹೆಡ್‌ಮಿಸ್ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ಇಪ್ಪತ್ತೆರಡು ವರ್ಷದಲ್ಲಿ ಈ ಬಾಗಿಲಿಗೆ ಬಂದ ಅಪ್ಪಂದಿರೆಲ್ಲ ಮೇಲಕ್ಕೆ ಹಾಕಿ ಅಂತ ಬಂದೋರು. ನೀವೊಬ್ಬರೇ ಇಳಿಸಿ ಅಂತ ಬಂದಿರೋದು."

"ಅವಳು ಅಳ್ತಾ ಇದ್ದಾಳೆ."

"ಹೋದ ವರ್ಷ ಅತ್ತಿದ್ಳಾ?"

ಕತ್ತರಿಯಣ್ಣ ನೆನಪು ಮಾಡಿಕೊಂಡ. "ಇಲ್ಲಮ್ಮ. ಹೋದ ವರ್ಷ ಅತ್ತಿದ್ದು ನಾನು."

ಹೆಡ್‌ಮಿಸ್ ಮುಖ ಬೇರೆ ಕಡೆ ತಿರುಗಿಸಿ ಕೆಮ್ಮಿದರು. ಆಮೇಲೆ, "ಒಂದು ತಿಂಗಳು ಕೂರ್ಲಿ. ಆಗಲಿಲ್ಲ ಅಂದ್ರೆ ಅವಳೇ ಬಂದು ನನಗೆ ಹೇಳ್ಲಿ. ನೀವಲ್ಲ, ಅವಳೇ. ಆಗ ಎಲ್ಲಿ ಬೇಕೋ ಅಲ್ಲಿ ಕೂರಿಸ್ತೀನಿ" ಎಂದರು.

ಮೊದಲ ದಿನ ಕತ್ತರಿಯಣ್ಣ ಅಂಗಡಿ ತೆಗೆಯದೆ ಮಗಳ ಜೊತೆ ಶಾಲೆಯ ಗೇಟಿನ ತನಕ ಹೋದ. ಗುಬ್ಬಿ ಒಳಗೆ ಹೋದವಳು ತಿರುಗಿ ಬಂದು, "ಅಪ್ಪಾ, ನೀನು ಹೋಗು. ಕಿಟಕಿ ಹತ್ರ ಬಂದು ನಿಂತ್ಕೋಬೇಡ" ಎಂದಳು. ಅವನು ಆಯಿತು ಎಂದು, ಗೇಟಿನ ಕಾವಲುಗಾರನ ಜೊತೆ ಮಧ್ಯಾಹ್ನದ ತನಕ ಕೂತ. ಹೊತ್ತು ಹೋಗಬೇಕಲ್ಲ ಎಂದು ಅವನ ಮೀಸೆ ಟ್ರಿಮ್ ಮಾಡಿಕೊಟ್ಟ. ಊಟದ ಗಂಟೆ ಹೊಡೆದಾಗ ಮಕ್ಕಳೆಲ್ಲ ಮೈದಾನಕ್ಕೆ ನುಗ್ಗಿದರು. ಗುಬ್ಬಿ ಸಿ ಸೆಕ್ಷನ್ನಿನ ಗೆಳತಿಯ ಕೈ ಹಿಡಿದುಕೊಂಡು, ಇನ್ನೊಂದು ಕೈಯಲ್ಲಿ ಯಾವುದೋ ಹೊಸ ಹುಡುಗಿಯನ್ನು ಎಳೆದುಕೊಂಡು, ಬಾಯಿ ನಿಲ್ಲಿಸದೆ ಮಾತಾಡುತ್ತ ಹೋದಳು. ಗೇಟಿನ ಕಡೆ ನೋಡಲೇ ಇಲ್ಲ.

ತಿಂಗಳು ಕಳೆಯಿತು, ಅವಳು ಹೆಡ್‌ಮಿಸ್ ಹತ್ತಿರ ಹೋಗಲಿಲ್ಲ. ಒಂದು ದಿನ ಕಿರುಪರೀಕ್ಷೆಯ ಅಂಕ ಬಂತು, ಬಿ ಸೆಕ್ಷನ್ನಿನಲ್ಲಿ ಅವಳ ಸ್ಥಾನ ಮೂವತ್ತಾರರಲ್ಲಿ ಇಪ್ಪತ್ತೊಂಬತ್ತು. ಅದರಲ್ಲಿ ಅವಳಿಗೆ ಯಾವ ಕೊರತೆಯೂ ಕಾಣಲಿಲ್ಲ. ಕತ್ತರಿಯಣ್ಣ ಆ ಸಂಜೆ ಬ್ಯಾಂಕಿನ ಸಾಹೇಬರ ತಲೆಗೆ ನೀರು ಚಿಮುಕಿಸುತ್ತ, "ನನ್ನ ಮಗಳು ಇಪ್ಪತ್ತೊಂಬತ್ತನೇದು ಸ್ವಾಮಿ" ಎಂದು ತಾನಾಗಿಯೇ ಹೇಳಿದ. ಸಾಹೇಬರು ಏನಾದರೂ ಹೇಳುವ ಮೊದಲೇ ಅವರ ತಲೆಯನ್ನು ಮೆಲ್ಲಗೆ ಬಗ್ಗಿಸಿ, ಹಿಂದಿನ ಕೂದಲಿಗೆ ಕತ್ತರಿ ಹಾಕಿದ.